ಶನಿವಾರದ ದೀಪಗಳು, ಮತ್ತೆ ಆ ಹಳೇ ದೀಪಗಳು

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಗುಂಪಿನಲ್ಲಿ ಸುತ್ತುತ್ತಿರುವ "ಫೀನಿಕ್ಸ್ ಮೇಲೆ ಹಾರುವ ತಟ್ಟೆ" ವಿಡಿಯೋ ಹೊಸದಲ್ಲ, ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ. ಅದು ಅಮೆರಿಕದ ಅರಿಜೋನಾ ರಾಜ್ಯದ ನಮ್ಮ ಫೀನಿಕ್ಸ್ ನಗರದಲ್ಲಿ 1997ರ ಮಾರ್ಚ್ 13ರ ರಾತ್ರಿಯದು. ಹತ್ತು ಗಂಟೆ ಸುಮಾರಿಗೆ ಸಾಲಾಗಿ ಕಂಡ ದೀಪಗಳು ವಾಯುಪಡೆಯ ವಿಮಾನಗಳು ತಾಲೀಮಿನಲ್ಲಿ ಬಿಟ್ಟ ಫ್ಲೇರ್‌ಗಳು, ಅಂದರೆ ಉರಿಯುತ್ತಾ ನಿಧಾನವಾಗಿ ಇಳಿಯುವ ಬೆಳಕಿನ ಬತ್ತಿಗಳು. ಎಸ್ಟ್ರೆಲ್ಲಾ ಬೆಟ್ಟದ ಹಿಂದೆ ಇಳಿದಾಗ ಒಂದೊಂದಾಗಿ ಆರಿದಂತೆ ಕಂಡವು. ಆದರೆ ಅದಕ್ಕೂ ಮೊದಲು, ಎಂಟೂವರೆ ಹೊತ್ತಿಗೆ, ವಿ ಆಕಾರದಲ್ಲಿ ಸದ್ದಿಲ್ಲದೆ ಸಾಗಿದ್ದರ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಆಗಿನ ಅರಿಜೋನಾ ಗವರ್ನರ್ ಫೈಫ್ ಸಿಮಿಂಗ್ಟನ್ ಪತ್ರಿಕಾಗೋಷ್ಠಿಗೆ ಅನ್ಯಗ್ರಹದ ವೇಷ ಹಾಕಿದವರನ್ನು ಕರೆತಂದು ನಗಿಸಿದರು, ಹತ್ತು ವರ್ಷ ಬಿಟ್ಟು "ನಾನೂ ನೋಡಿದ್ದೆ" ಅಂದರು! ರಾಜಕಾರಣಿಗಳು ಎಲ್ಲ ಕಡೆ ಒಂದೇ.

ಈಗ ನಮ್ಮ ದೀಪಗಳ ವಿಷಯ. ಶನಿವಾರ ಪಾಪಾಗೋ ಪಾರ್ಕಿಗೆ ಹೋಗೋಣ. ಮಕ್ಕಳಿರುವವರು ಮೃಗಾಲಯದ ದೀಪಾಲಂಕಾರ ಝೂಲೈಟ್ಸ್‌ಗೆ, ಉಳಿದವರು ಸಸ್ಯೋದ್ಯಾನದ ಲೂಮಿನಾರಿಯಾಗೆ. ಚೀಲದೊಳಗಿನ ಮೇಣದ ಬತ್ತಿಗಳು ಕಳ್ಳಿಗಿಡಗಳ ನಡುವೆ ಸಾಲಾಗಿ ಉರಿಯುವುದನ್ನು ನೋಡಿದರೆ ನಮ್ಮ ಕಾರ್ತಿಕದ ದೀಪೋತ್ಸವವೇ ನೆನಪಾಗುತ್ತದೆ. ಎರಡಕ್ಕೂ ಟಿಕೆಟ್ ಮೊದಲೇ ಮಾಡಿಸಿಡಿ.

ಟೆಂಪಿ, ಮೇಸಾ ಕಡೆಯವರು ಲೈಟ್ ರೈಲಿನಲ್ಲಿ ಬರಬಹುದು, ಆದರೆ ರೈಲು ಪಾರ್ಕಿನ ಬಾಗಿಲವರೆಗೆ ಹೋಗಲ್ಲ. ವಾಷಿಂಗ್ಟನ್ ಬೀದಿಯಲ್ಲಿ ಇಳಿದವರನ್ನು ನಮ್ಮ ಕಾರುಗಳು ಕರೆದೊಯ್ಯುತ್ತವೆ. ಬರುವವರು ಇಂದು ರಾತ್ರಿಯೊಳಗೆ ಹೆಸರು ಹಾಕಿ. ಸ್ವೆಟರ್ ಮರೆಯಬೇಡಿ, ಮರುಭೂಮಿ ಅಂತ ನಂಬಿ ಕಳೆದ ಸಲ ನಡುಗಿದ್ದು ಸಾಕು.