ರೈಸರ್ ಎಲ್ಲಿಡುತ್ತೀಯ?

ಚಿ. ಮೇಘಾಳಿಗೆ, ಕುಮಟೆಯಿಂದ ಮಾವನ ಆಶೀರ್ವಾದಗಳು.

ಸಮುದ್ರದ ಎಣ್ಣೆ ಪ್ಲಾಟ್‌ಫಾರ್ಮುಗಳ ನಕ್ಷೆ ಮಾಡುವ ಮುಂಬೈಯ ಡಿಸೈನ್ ಆಫೀಸಿನಲ್ಲಿ ನಿನಗೆ ಕೆಲಸ ಸಿಕ್ಕಿತು ಅಂತ ನಿಮ್ಮಮ್ಮ ಫೋನ್ ಮಾಡಿದ್ದಳು. "ನಿನ್ನ ಹಾಗೆ ಸಮುದ್ರದ ನಡುವೆ ಹೋಗಿ ಕೂರುವ ಗ್ರಹಚಾರ ಇಲ್ಲವಲ್ಲ ಅಣ್ಣಾ, ಎಸಿ ರೂಮು" ಅಂತ ಅವಳಿಗೆ ನೆಮ್ಮದಿ. ನನಗೆ ಕಸಿವಿಸಿ ಆದದ್ದು ಅದಕ್ಕೇ.

ಮುಂಬೈ ಕಡಲಾಚೆಯ ಎಣ್ಣೆ ಕ್ಷೇತ್ರ ಬಾಂಬೆ ಹೈ, ಈಗಿನ ಮುಂಬೈ ಹೈ, ಅದರ ಕಥೆ ನಿನಗೆ ಗೊತ್ತು. ಸಾಗರ್ ಸಮ್ರಾಟ್ ರಿಗ್ಗಿಗೆ 1974ರಲ್ಲಿ ಎಣ್ಣೆ ಸಿಕ್ಕಿತು, 1976ರ ಮೇ ತಿಂಗಳಲ್ಲಿ ಉತ್ಪಾದನೆಯೇ ಶುರು. ಭೂಮಿಯ ಮೇಲೆ ಒಂದು ಮನೆ ಕಟ್ಟಲು ನಾನು ಮೂರು ವರ್ಷ ಒದ್ದಾಡಿದೆ! ಇವತ್ತಿಗೂ ಆ ಕ್ಷೇತ್ರದಿಂದ ಎಣ್ಣೆ ಬರುತ್ತಿದೆ. ಹಾಗಾಗಿ ನೀನು ಈಗ ಎಳೆಯುವ ಗೆರೆ ನೀನು ರಿಟೈರಾದ ಮೇಲೂ ಉಪ್ಪುನೀರಿನಲ್ಲಿ ನಿಂತಿರುತ್ತದೆ ಅಂದುಕೊಂಡೇ ಎಳೆ.

ರೈಸರನ್ನೇ ತೆಗೆದುಕೋ. ಕಡಲ ತಳದ ಪೈಪಿನಿಂದ ಗ್ಯಾಸನ್ನೋ ಎಣ್ಣೆಯನ್ನೋ ಪ್ಲಾಟ್‌ಫಾರ್ಮಿಗೆ ಏರಿಸುವ ನೆಟ್ಟಗಿನ ಕೊಳವೆ. ಜಾಕೆಟ್ಟಿನ, ಅಂದರೆ ಪ್ಲಾಟ್‌ಫಾರ್ಮನ್ನು ಹೊತ್ತು ನೀರಿನಲ್ಲಿ ನಿಂತ ಉಕ್ಕಿನ ಚೌಕಟ್ಟಿನ, ಹೊರಮೈಗೆ ಕಟ್ಟಿದರೆ ಕೆಲಸ ಸಲೀಸು. ಆದರೆ ಹಡಗುಗಳು ಬಂದು ನಿಲ್ಲುವುದೂ ಆ ಹೊರಮೈಗೇ.

2005ರ ಜುಲೈ 27. ಒಂದು ಹಡಗಿನ ಅಡುಗೆಯವನ ಬೆರಳಿಗೆ ಗಾಯವಾಯಿತು. ಚಿಕಿತ್ಸೆಗಾಗಿ ಅವನನ್ನು ಮುಂಬೈ ಹೈ ನಾರ್ತ್ ಪ್ಲಾಟ್‌ಫಾರ್ಮಿಗೆ ದಾಟಿಸಲು ಹಡಗು ಪಕ್ಕಕ್ಕೆ ಬಂತು. ಮುಂಗಾರಿನ ಅಲೆ. ಹಡಗು ರೈಸರಿಗೆ ಬಡಿಯಿತು, ಗ್ಯಾಸಿಗೆ ಬೆಂಕಿ ಹತ್ತಿತು. ಸುಮಾರು ಎರಡು ಗಂಟೆಯಲ್ಲಿ ಪ್ಲಾಟ್‌ಫಾರ್ಮೇ ಇರಲಿಲ್ಲ. 22 ಜನ ಹೋದರು. ಗಾಯ ಆಗಿದ್ದು ಬೆರಳಿಗೆ, ಮೇಘಾ.

ಆ ದಿನ ನಾನು ಅಲ್ಲಿರಲಿಲ್ಲ. ಆದರೆ ಆ ಅಲೆ ನನಗೆ ಪರಿಚಯ. ಮೊದಲ ಮಳೆಗಾಲದಲ್ಲಿ ಬೋಟ್ ಲ್ಯಾಂಡಿಂಗಿನಲ್ಲಿ ಹಗ್ಗ ಹಿಡಿದು ನಿಂತಿದ್ದೆ. ಬೋಟಿನ ಡೆಕ್ಕು ಒಮ್ಮೆ ನನ್ನ ಪಾದದ ಮಟ್ಟಕ್ಕೆ ಬರುತ್ತಿತ್ತು, ಮರುಕ್ಷಣ ಒಂದಾಳು ಆಳಕ್ಕೆ ಇಳಿಯುತ್ತಿತ್ತು. ಮೇಲೇರಿದಾಗಲೇ ಹಾರಬೇಕು. ಹಿಂದಿದ್ದ ಮಲಯಾಳಿ ಫೋರ್‌ಮನ್ ಬೆನ್ನಿಗೆ ಕೈಯಿಟ್ಟು "ಈಗಲ್ಲ... ಈಗಲ್ಲ... ಈಗ!" ಅಂದ. ಮೊಳಕಾಲು ಸಂಜೆಯವರೆಗೂ ನಡುಗುತ್ತಿತ್ತು.

ನಮ್ಮ ತದಡಿಯಲ್ಲಿ ಧಕ್ಕೆಗೆ ಹಳೇ ಟಯರು ಕಟ್ಟಿರುತ್ತಾರಲ್ಲ, ಬಂದು ತಾಗುವ ದೋಣಿ ಎಷ್ಟು ದೊಡ್ಡದು ಅಂತ ಮೀನುಗಾರರಿಗೆ ಗೊತ್ತು. ನಕ್ಷೆ ನಿನ್ನ ಮೇಜಿಗೆ ಬಂದಾಗ ನೀನೂ ಅದನ್ನೇ ಕೇಳು: ರೈಸರಿನ ಗಾರ್ಡು ಯಾವ ಹಡಗಿನ ತೂಕಕ್ಕೆ ಲೆಕ್ಕ ಹಾಕಿದ್ದು? ಕ್ರೇನು ಯಾವ ಕಡೆ? ಗಾಳಿ ಯಾವ ಕಡೆಯಿಂದ? "ಶೆಡ್ಯೂಲ್ ತಪ್ಪುತ್ತದೆ ಮೇಡಂ" ಅನ್ನುತ್ತಾರೆ. ಒಂದು ವ್ಯಾಲ್ವಿನ ಜಾಗ ಸರಿಯಿಲ್ಲ ಅಂದಾಗ ನನಗೂ ಒಬ್ಬರು ಹಾಗೇ ಅಂದಿದ್ದರು, ಸುಮ್ಮನಾಗಿದ್ದೆ. ಆ ವ್ಯಾಲ್ವಿಗೆ ಕೈ ಎಟುಕದೆ ಒಂಬತ್ತು ವರ್ಷ ಹುಡುಗರು ಏಣಿ ಹೊತ್ತರು.

ಇನ್ನೊಂದು. ಒಮ್ಮೆ ಪ್ಲಾಟ್‌ಫಾರ್ಮಿಗೆ ಹೋಗಿಬರಲು ನಿನ್ನ ಬಾಸನ್ನು ಕೇಳು. ಡಿಸೆಂಬರಿನಲ್ಲಿ ಸಮುದ್ರ ಹರಿವಾಣದ ಹಾಗಿರುತ್ತದೆ, ಆಗ ಬೇಡ. ಜುಲೈನಲ್ಲಿ ಕಳಿಸಿ ಅನ್ನು. ಹೆಲಿಕಾಪ್ಟರ್ ಹತ್ತಿಸುವ ಮೊದಲು, ಅದು ನೀರಿಗೆ ಬಿದ್ದರೆ ಹೊರಬರುವುದು ಹೇಗೆ ಅಂತ ಈಜುಕೊಳದಲ್ಲಿ ತಲೆಕೆಳಗೆ ಮುಳುಗಿಸಿ ತರಬೇತಿ ಕೊಡುತ್ತಾರೆ, ಹೆದರಬೇಡ. ವಾಂತಿಯ ಮಾತ್ರೆ ಇಟ್ಟುಕೋ. ಅಮ್ಮನಿಗೆ ಮಾತ್ರ ಬಂದ ಮೇಲೆ ಹೇಳು.

ನಿನ್ನ ಮಾವ