ಯುದ್ಧದ ಸುದ್ದಿನ ಕೃಷಿ ಪುಟದಲ್ಲೂ ಹಾಕಿ ಸಾರ್

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್‌ನಲ್ಲಿ ಯುಕ್ರೇನ್, ಕೆಂಪು ಸಮುದ್ರ, ಯೆಮೆನ್ ದೇಶದ ಹೂತಿ ಬಂಡುಕೋರರು ಅಂತ ಏನೇ ಬಂದ್ರೂ ಅದು ವಿದೇಶ ಪುಟಕ್ಕೆ ಹೋಗುತ್ತೆ, ಗೊಬ್ಬರದ ರೇಟು ಜಿಲ್ಲಾ ಪುಟಕ್ಕೆ, ಹವಾಮಾನದ ಸಮ್ಮೇಳನ ಎಲ್ಲೋ ಮೂಲೇಲಿ ನಾಲ್ಕು ಸಾಲು. ಮೂರೂ ಒಂದೇ ಸುದ್ದಿ ಅಂತ ನಂಗೆ ತಲೆಗೆ ಹೋಗಿದ್ದು ಸೊಸೈಟಿ ಮುಂದೆ ನಿಂತಾಗ. ಸಕಲೇಶಪುರದ ಕಡೆ ನಮ್ದು ಆರು ಎಕರೆ ರೋಬಸ್ಟಾ ಕಾಫಿ, ಮರಕ್ಕೆ ಮೆಣಸು ಹಬ್ಬಿಸಿದೀವಿ.

2022ರಲ್ಲಿ ಪೊಟ್ಯಾಶ್ ಗೊಬ್ಬರ ತರಕ್ಕೆ ಹೋದ್ರೆ ಮೂಟೆಗೆ 1700 ಅಂದ್ರು, ಹಿಂದಿನ ವರ್ಷ ಸಾವಿರದ ಆಸುಪಾಸಲ್ಲಿ ತಂದಿದ್ದೆ. ಸಿಟ್ಟು ಬಂದು ಸೊಸೈಟಿಯವರನ್ನೇ ಬೈದು ಬಂದೆ, ಪಾಪ ಅವರೇನ್ ಮಾಡ್ತಾರೆ. ಪೊಟ್ಯಾಶ್ ನಮಗೆ ಹೆಚ್ಚುಕಮ್ಮಿ ಪೂರ್ತಿ ಹೊರಗಿಂದನೇ ಬರ್ಬೇಕು, ಪ್ರಪಂಚದ ರಫ್ತಿನಲ್ಲಿ ರಷ್ಯಾ ಬೆಲಾರುಸ್ ಎರಡೇ ಸುಮಾರು 40 ಪರ್ಸೆಂಟ್. ಬೆಲಾರುಸ್‌ಗೆ ಸಮುದ್ರ ಇಲ್ಲ, ಅವರ ಗೊಬ್ಬರ ರೈಲಲ್ಲಿ ಲಿಥುವೇನಿಯಾ ದಾಟಿ ಕ್ಲೈಪೆಡಾ ಅನ್ನೋ ಬಂದರಲ್ಲಿ ಹಡಗು ಹತ್ತಬೇಕಿತ್ತು, 2022ರ ಫೆಬ್ರವರಿ 1ಕ್ಕೆ ಲಿಥುವೇನಿಯಾ ಆ ದಾರಿ ಬಂದ್ ಮಾಡ್ತು, ಅದೇ ತಿಂಗಳು 24ಕ್ಕೆ ರಷ್ಯಾ ಯುಕ್ರೇನ್ ಮೇಲೆ ನುಗ್ತು. ಚೀನಾ ಅಂತೂ 2021ರ ಅಕ್ಟೋಬರ್‌ನಿಂದ್ಲೇ ಗೊಬ್ಬರ ಹೊರಗೆ ಬಿಡದೆ ಬಿಗಿ ಮಾಡಿತ್ತು.

ಆಮೇಲೆ ಏನಾಯ್ತು ಅಂದ್ರೆ, ಯೂರಿಯಾ ಮಾತ್ರ 45 ಕೆಜಿ ಚೀಲ ಅದೇ 266 ರೂಪಾಯಿ ಚಿಲ್ಲರೆ, ಹಾಗಾಗಿ ನಾನೂ ಸೇರಿ ಸುಮಾರು ಜನ ಪೊಟ್ಯಾಶ್ ಅರ್ಧ ಮಾಡಿ ಯೂರಿಯಾ ಸುರಿದ್ವಿ. ಗಿಡ ಹಸಿರಾಗೇನೋ ಕಾಣ್ತು, ಕಾಯಿಗೆ ತೂಕ ಇಲ್ಲ, ಮಳೆಗಾಲದಲ್ಲಿ ಅರ್ಧ ಗೊಬ್ಬರ ಹಳ್ಳಕ್ಕೆ. ಸುಸ್ಥಿರ ಕೃಷಿ ಅಂತ ಅಧಿಕಾರಿಗಳು ಬಂದು ಭಾಷಣ ಮಾಡಿ ಹೋಗ್ತಾರಲ್ಲ, ಅದು ನನ್ನ ತೋಟದಲ್ಲಿ ಕೆಟ್ಟಿದ್ದು ಹೀಗೆ. ಕೇಂದ್ರ ಸರ್ಕಾರನೂ ಆ ವರ್ಷ ಗೊಬ್ಬರದ ಸಬ್ಸಿಡಿಗೆ ಎರಡೂವರೆ ಲಕ್ಷ ಕೋಟಿ ಚೆಲ್ತು. ಚೆಲ್ಲದಿದ್ರೆ ನಾವು ಉಳೀತಿರ್ಲಿಲ್ಲ, ಅದೂ ನಿಜ. ಆದ್ರೆ ಅಷ್ಟು ದುಡ್ಡಲ್ಲಿ ಎಷ್ಟು ಕೆರೆ ಹೂಳು ಎತ್ತಬಹುದಿತ್ತು ಅಂತ ಒಂದ್ಸಲ ಲೆಕ್ಕ ಹಾಕಿ ನೋಡಿ.

ಇನ್ನು ಕಾಫಿ. ನಮ್ಮ ದೇಶದ ಕಾಫಿಗೆ ದೊಡ್ಡ ಗಿರಾಕಿ ಇಟಲಿ. ಅಲ್ಲಿಗೆ ಹಡಗು ಹೋಗೋದು ಕೆಂಪು ಸಮುದ್ರ, ಸೂಯೆಜ್ ಕಾಲುವೆ ದಾರಿಲಿ. ಅದೇ ಸಮುದ್ರದಲ್ಲಿ 2023ರ ನವೆಂಬರ್‌ನಲ್ಲಿ ಹೂತಿಗಳು ಗ್ಯಾಲಕ್ಸಿ ಲೀಡರ್ ಅನ್ನೋ ಹಡಗು ಹಿಡ್ಕೊಂಡ್ರಲ್ಲ (ಅದು ಭಾರತದ ಕಡೆಗೇ ಬರ್ತಿದ್ದದ್ದು), ಆಮೇಲೆ ದೊಡ್ಡ ಕಂಪನಿಗಳು ಸೂಯೆಜ್ ಕಾಲುವೆ ಬಿಟ್ಟು ಇಡೀ ಆಫ್ರಿಕಾ ಸುತ್ತಿ ಹೋಗಕ್ಕೆ ಶುರು ಮಾಡಿದ್ವು, 10ರಿಂದ 14 ದಿನ ಜಾಸ್ತಿ, ಬಾಡಿಗೆ ಜಾಸ್ತಿ, ಸುಡೋ ಎಣ್ಣೆನೂ ಅಷ್ಟೇ ಜಾಸ್ತಿ. ನಂಗೆ ನಷ್ಟ ಆಯ್ತು ಅಂತ ಸುಳ್ಳು ಹೇಳಲ್ಲ, ವಿಯೆಟ್ನಾಂನಲ್ಲಿ ಬರ ಬಿದ್ದು 2024ರಲ್ಲಿ ರೋಬಸ್ಟಾಕ್ಕೆ ಜನ್ಮದಲ್ಲಿ ಕಾಣದ ರೇಟು ಸಿಕ್ತು. ನಗು ಬಂದಿದ್ದು ಬೇರೆ ವಿಷ್ಯಕ್ಕೆ. ಅದೇ ಯುರೋಪ್‌ನವರು ಕಾಡು ಕಡಿದು ಬೆಳೆದ ಕಾಫಿ ನಮಗೆ ಬೇಡ ಅಂತ 2023ರಲ್ಲಿ ಕಾನೂನು ತಂದ್ರು, 2020ರ ಡಿಸೆಂಬರ್ ಆದ್ಮೇಲೆ ಕಾಡು ಕಡಿದಿಲ್ಲ ಅಂತ ತೋಟದ ಜಿಪಿಎಸ್ ಸಮೇತ ತೋರಿಸ್ಬೇಕು. ಕಾನೂನು ತಪ್ಪು ಅಂತಿಲ್ಲ, ಜಾರಿ ಮಾಡೋ ದಿನ ಮಾತ್ರ ಎರಡು ಸಲ ಮುಂದಕ್ಕೆ ಹೋಯ್ತು. ನಮ್ಮಪ್ಪ ಉಳಿಸಿದ ಹಲಸು, ನಂದಿ, ಹೊನ್ನೆ ಮರದ ನೆರಳಲ್ಲಿ ಬೆಳೆದ ಕಾಫಿಗೆ ನಾನು ಮೊಬೈಲ್ ಹಿಡ್ಕೊಂಡು ಬೇಲಿ ಮೂಲೆಲಿ ನಿಂತು ಸಿಗ್ನಲ್ ಹುಡುಕ್ತಿದ್ರೆ, ಅದೇ ಕಾಫಿ ಹೊತ್ತ ಹಡಗು ಆಫ್ರಿಕಾ ಸುತ್ತಾ ಹೊಗೆ ಬಿಟ್ಕೊಂಡು ಹೋಗ್ತಿರುತ್ತೆ. ಆ ಕಾನೂನಿಗೆ ನಾನು ತುಂಬೋ ಅರ್ಜಿ ಫಾರಂನಲ್ಲಿ ಆ ಹೊಗೆಗೆ ಕಾಲಂ ಇಲ್ಲ.

ದೊಡ್ಡವರ ಕಥೆನೂ ಇಷ್ಟೇ. ರಷ್ಯಾದ ಗ್ಯಾಸ್ ನಿಂತಾಗ 2022ರಲ್ಲಿ ಜರ್ಮನಿ ಪಕ್ಕಕ್ಕಿಟ್ಟಿದ್ದ ಕಲ್ಲಿದ್ದಲು ಸ್ಥಾವರ ಮತ್ತೆ ಹೊತ್ತಿಸ್ತು. 2025ರಲ್ಲಿ ಬ್ರಿಟನ್ ರಕ್ಷಣೆಗೆ ದುಡ್ಡು ಬೇಕು ಅಂತ ಬಡ ದೇಶಗಳ ನೆರವನ್ನ ತನ್ನ ದೇಶದ ಒಟ್ಟು ಆದಾಯದ 0.5 ಪರ್ಸೆಂಟ್‌ನಿಂದ 2027ಕ್ಕೆ 0.3ಕ್ಕೆ ಇಳಿಸ್ತೀವಿ ಅಂತು. 2024ರಲ್ಲಿ ಪ್ರಪಂಚದ ಮಿಲಿಟರಿ ಖರ್ಚು 2.7 ಲಕ್ಷ ಕೋಟಿ ಡಾಲರ್, ಅದೇ ವರ್ಷ ಅಜರ್ಬೈಜಾನಿನ ಬಾಕುನಲ್ಲಿ ನಡೆದ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನದಲ್ಲಿ ಬಡ ದೇಶಗಳಿಗೆ ಹವಾಮಾನದ ಬಾಬ್ತಿಗೆ ಒಪ್ಪಿದ್ದು ವರ್ಷಕ್ಕೆ 30 ಸಾವಿರ ಕೋಟಿ ಡಾಲರ್, ಅದೂ 2035ರ ಹೊತ್ತಿಗೆ ಅಂತೆ! 2030ಕ್ಕೆ ಮುಟ್ಟಬೇಕಾದ 17 ಸುಸ್ಥಿರ ಅಭಿವೃದ್ಧಿ ಗುರಿಗಳ (ಬಡತನ, ಹಸಿವು, ಹವಾಮಾನ ಇಂಥವು) ಬಗ್ಗೆ ವಿಶ್ವಸಂಸ್ಥೆ 2024ರಲ್ಲಿ ಕೊಟ್ಟ ವರದಿ ನೋಡಿದ್ರೆ ಅದರೊಳಗಿನ ಟಾರ್ಗೆಟ್‌ಗಳಲ್ಲಿ ಸರಿ ದಾರಿಲಿರೋದು 17 ಪರ್ಸೆಂಟ್ ಮಾತ್ರ.

ನಾನು ಕೇಳೋದು ಸಣ್ಣದು. ಮುಂಗಾರಿನ ಗೊಬ್ಬರ ಕೊಳ್ಳೋ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ, ಯಾವ ದೇಶ ಯಾವ ಗೊಬ್ಬರಕ್ಕೆ ತಡೆ ಹಾಕಿದೆ, ಯಾವ ಹಡಗು ದಾರಿ ಕೆಟ್ಟಿದೆ ಅಂತ ಕೃಷಿ ಪುಟದಲ್ಲಿ ವಾರಕ್ಕೊಂದು ಕಾಲಂ ಹಾಕಿ. ಮೊದಲೇ ಗೊತ್ತಿದ್ರೆ ಒಂದು ಲೋಡ್ ಕೊಟ್ಟಿಗೆ ಗೊಬ್ಬರನಾದ್ರೂ ಹೇಳಿಡ್ತೀವಿ, ಸೊಸೈಟಿಯವರ ಮೇಲೆ ಕೂಗಾಡೋದೂ ತಪ್ಪುತ್ತೆ.

ಇಂತಿ,
ಒಬ್ಬ ಸಣ್ಣ ಬೆಳೆಗಾರ, ಸಕಲೇಶಪುರ ತಾಲ್ಲೂಕು