ರಾಫ್ಟ್ ದಪ್ಪ ಮಾಡಿದರೆ ಮುಗೀತು ಅಲ್ಲ, ಸಚಿವರೇ

ಮಾನ್ಯ ಲೋಕೋಪಯೋಗಿ ಸಚಿವರಿಗೆ ನಮಸ್ಕಾರ.

ನಾನು ಪಾಯದ ಡಿಸೈನ್ ಮಾಡುವ ಎಂಜಿನಿಯರ್. ಮೆತ್ತನೆ ಮಣ್ಣಿನಲ್ಲಿ ಕಟ್ಟುವ ಸರ್ಕಾರಿ ಕಟ್ಟಡಗಳ ಟೆಂಡರ್‌ನಲ್ಲಿ ‘ರಾಫ್ಟ್ ಪಾಯ, ಇಷ್ಟು ದಪ್ಪ’ ಅನ್ನೋ ಸಾಲು ಪದೇ ಪದೇ ಕಣ್ಣಿಗೆ ಬೀಳುತ್ತದೆ. ರಾಫ್ಟ್ ಅಂದರೆ ಇಡೀ ಕಟ್ಟಡದ ಅಡಿಗೆ ಹಾಸುವ ಒಂದೇ ಕಾಂಕ್ರೀಟ್ ಚಪ್ಪಡಿ. ಆ ದಪ್ಪ ಎಲ್ಲಿಂದ ಬಂತು ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ.

ಕಟ್ಟಡ ಇಡಿಯಾಗಿ ಮಣ್ಣಿನೊಳಕ್ಕೆ ಒಂದೇ ಸಮ ಕೂತರೆ ಅಂಥ ತೊಂದರೆ ಇಲ್ಲ. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಕೂತಾಗಲೇ ಕಷ್ಟ. ಆರು ಮೀಟರ್ ದೂರದ ಎರಡು ಕಾಲಂಗಳ ನಡುವೆ 20 ಮಿ.ಮೀ. ವ್ಯತ್ಯಾಸ ಬಂದರೆ ಗೋಡೆ ಬಿರುಕು ಬಿಡಲು ಶುರುವಾಗುತ್ತದೆ. ಇದು 300ಕ್ಕೆ 1ರ ಲೆಕ್ಕ, 1956ರಲ್ಲಿ ಸ್ಕೆಂಪ್ಟನ್ ಮತ್ತು ಮ್ಯಾಕ್‌ಡೊನಾಲ್ಡ್ ಅನ್ನೋ ಎಂಜಿನಿಯರ್‌ಗಳು ಕೊಟ್ಟದ್ದು. ಬಿರುಕೇ ಬೇಡ ಅಂದರೆ 500ಕ್ಕೆ 1. ಅಂದರೆ ಬರೀ 12 ಮಿ.ಮೀ., ಕಿರುಬೆರಳಿನ ಅಗಲದಷ್ಟು!

ಒಂದು ಕಟ್ಟಡದಲ್ಲಿ ನಾನೇ ಎಡವಿದ್ದೇನೆ. ನಡುವೆ ಐದು ಮಹಡಿ, ಪಕ್ಕದಲ್ಲಿ ಒಂದೇ ಮಹಡಿ, ಎರಡಕ್ಕೂ ಸೇರಿ ಒಂದು ರಾಫ್ಟ್. ಎರಡು ವರ್ಷಕ್ಕೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಎದ್ದಿತು, ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು. ಮಣ್ಣನ್ನು ಸ್ಪ್ರಿಂಗ್ ಅಂದುಕೊಂಡು, ಅದರ ಬಿಗಿಗೆ ಇಡೀ ರಾಫ್ಟಿನಡಿ ಒಂದೇ ಅಂಕಿ ಹಾಕಿದ ಲೆಕ್ಕಕ್ಕೆ ಸಹಿ ಮಾಡಿದವನು ನಾನು. ಆ ಅಂಕಿ ಸಿಕ್ಕಿದ್ದು ಮಣ್ಣಿನ ಮೇಲೆ 30 ಸೆಂ.ಮೀ. ಪ್ಲೇಟ್ ಇಟ್ಟು, ಭಾರ ಹೇರಿ ಮಾಡಿದ ಪರೀಕ್ಷೆಯಿಂದ. ಅಷ್ಟು ಚಿಕ್ಕ ಪ್ಲೇಟಿಗೆ ಸುಮಾರು ಅರ್ಧ ಮೀಟರ್ ಮಣ್ಣಷ್ಟೇ ಗೊತ್ತು. 20 ಮೀಟರ್ ಅಗಲದ ರಾಫ್ಟಿನ ಭಾರ 30 ಮೀಟರ್ ಆಳಕ್ಕೂ ಮುಟ್ಟುತ್ತದೆ, ಅಲ್ಲಿರುವ ಜೇಡಿಯನ್ನು ನಾವು ನೋಡಿಯೇ ಇರಲಿಲ್ಲ. ಒಂದೇ ಬಿಗಿಯ ಸ್ಪ್ರಿಂಗ್ ಮೇಲೆ ಸಮನಾದ ಭಾರ ಇಟ್ಟರೆ ಕಾಗದದ ಮೇಲೆ ರಾಫ್ಟ್ ಸಮನಾಗಿಯೇ ಇಳಿಯುತ್ತದೆ. ನಿಜವಾದ ಜೇಡಿಯಲ್ಲಿ ಹಗ್ಗದ ಮಂಚದ ಹಾಗೆ ನಡು ಜೋಲುತ್ತದೆ.

ಸುಮ್ನೆ ದಪ್ಪ ಮಾಡಿದರೆ? ದಪ್ಪ ಎರಡರಷ್ಟಾದರೆ ರಾಫ್ಟಿನ ಬಿಗಿ ಎಂಟರಷ್ಟಾಗುತ್ತದೆ, ಏರಿಳಿತ ತಗ್ಗುತ್ತದೆ, ನಿಜ. ಆದರೆ ಬಾಗಿಸುವ ಬಲವೂ ಅದರ ಮೇಲೇ ಬೀಳುತ್ತದೆ, ಕಬ್ಬಿಣ ಜಾಸ್ತಿ ಬೇಕು. ಒಂದು ಮೀಟರ್ ಕಾಂಕ್ರೀಟ್ ಅಂದರೆ ಚದರ ಮೀಟರಿಗೆ ಎರಡೂವರೆ ಟನ್ ಹೊಸ ಭಾರ. ಎಷ್ಟೋ ಕಡೆ ನೆಲಮಾಳಿಗೆ ಅಗೆದು ಮಣ್ಣಿನ ಭಾರ ಇಳಿಸುವುದೇ ಜಾಣತನ.

ಹಾಗಾಗಿ ಟೆಂಡರ್ ಕರೆಯುವ ಮೊದಲೇ, ಭಾರದ ಭಾಗ ಹಗುರದ ಭಾಗ ಎರಡರ ಕೆಳಗೂ, ಮಣ್ಣಿನ ಪರೀಕ್ಷೆಗೆ ರಾಫ್ಟಿನ ಅಗಲಕ್ಕೆ ತಕ್ಕ ಆಳದ ಬೋರ್‌ಹೋಲ್ ಹಾಕಿಸಿ. ಮಣ್ಣಿನ ಬಿಗಿಯ ಅಂಕಿಯನ್ನು ಅರ್ಧ ಮಾಡಿ, ಎರಡರಷ್ಟು ಮಾಡಿಯೂ ಲೆಕ್ಕ ತೋರಿಸಲು ಹೇಳಿ. ಕಾಲಂಗಳಿಗೆ ಗುರುತಿನ ಮೊಳೆ ಹೊಡೆಸಿ, ಮೊದಲ ಮಹಡಿಯಿಂದಲೇ ಲೆವೆಲ್ ಬರೆಸಿಡಿ. ಜೇಡಿಯಿಂದ ನೀರು ಮೆಲ್ಲಗೆ ಹೊರಬೀಳುತ್ತದೆ, ಹಾಗಾಗಿ ಕಟ್ಟಡ ನಿಧಾನವಾಗಿ ಕೂರುತ್ತಲೇ ಇರುತ್ತದೆ; ಬೀಗದ ಕೈ ಕೊಟ್ಟ ಮೇಲೂ ಕೆಲವು ವರ್ಷ ಅಳೆಯುವ ಹಣ ಎಸ್ಟಿಮೇಟಿನಲ್ಲೇ ಇರಲಿ.

ಇಂತಿ,
ಒಬ್ಬ ಪಾಯದ ಎಂಜಿನಿಯರ್